ಮುಖ ನೋಡದ ಊರು

"ಇದು ಆ ಚಿತ್ರ ಅಲ್ಲ."

ಅನುಸೂಯಾಬಾಯಿ ಅಂದದ್ದು ಇಷ್ಟೇ. ಪೇಡೆ ಹಂಚುತ್ತಿದ್ದ ಜಮೇದಾರ ಮಡೆಪ್ಪನ ಕೈ ಅಲ್ಲೇ ನಿಂತಿತು.

"ಬಾಯಾರ, ಬೆಳಿಗ್ಗಿನಿಂದ ಎಲ್ಲಾರೂ ಇದೇ ಚಿತ್ರ ಅಂತ ಹೇಳ್ಲಾಕತ್ಯಾರ. ನೀವೊಬ್ರೇ ಅಲ್ಲ ಅಂದ್ರ ಹ್ಯಾಂಗ್ರಿ?"

"ಎಲ್ಲಾರೂ ಅಂದ್ರ ಯಾರ್ರಿ? ನಿಮ್ಮ ಪೇಡೆ ತಿಂದವರೇನು?"

ಜನ ಗೊಳ್ಳೆಂದು ನಕ್ಕರು. ಮಡೆಪ್ಪ ನಗಲಿಲ್ಲ. ಪಾಪ, ಅವನಿಗೆ ನಗು ಹೇಗೆ ಬರಬೇಕು? ಹೋದ ವಾರ ಬೀದರಿನ ಚಿತ್ರಶಾಲೆಯ ಗೋಡೆಯಿಂದ ಮಾಯವಾಗಿದ್ದ 'ಬಾವಿ' ಚಿತ್ರವನ್ನು ಇವತ್ತು ಬೆಳಿಗ್ಗೆ ಗಾಂಧಿ ಗಂಜಿನ ಧಾನ್ಯಪೇಟೆಯಲ್ಲಿ, ತೊಗರಿ ಚೀಲಗಳ ಬಂಡಿಯೊಳಗಿಂದ ಎಳೆದು ತೆಗೆದು, ತಂದು ಮತ್ತೆ ಅದೇ ಗೋಡೆಗೆ ಹಾಕಿಸಿದವನು ಅವನೇ. ನಿಜಾಮನ ಕಾಲದಿಂದ ಪೊಲೀಸ್ ನೌಕರಿ ಮಾಡಿದವನ ಕೈಗೆ ಕಳವಿನ ಮಾಲು ಇಡಿಯಾಗಿ ಸಿಕ್ಕದ್ದು ಇದೇ ಮೊದಲು. ಆ ಖುಷಿಗೆ ಪೇಡೆ. ಈಗ ಈ ಬಾಯಿ ಬಂದು ಎಲ್ಲದಕ್ಕೂ ನೀರು ಸುರಿಯುತ್ತಿದ್ದಾಳೆ.

"ಇಲ್ಲಿ ಬರ್ರಿ ಜಮೇದಾರ್ರ. ಈ ಕಾಲು ಮುಟ್ಟಿ ನೋಡ್ರಿ."

ಚಿತ್ರ ಆಳೆತ್ತರದ್ದು. ಬುಡದಲ್ಲಿ, ನೋಡುವವರ ಸೊಂಟದ ಮಟ್ಟಕ್ಕೆ, ಬಾವಿಯ ಕಟ್ಟೆಗೆ ಊರಿದ ಎರಡು ಬರಿಗಾಲು. ಒಡೆದ ಹಿಮ್ಮಡಿ, ಸೆಟೆದ ಬೆರಳು. ಆ ಕಾಲಿನ ಮುದುಕಿ ಮೈಯೆಲ್ಲ ಹಿಂದಕ್ಕೆ ಬಾಗಿಸಿ ಹಗ್ಗ ಜಗ್ಗುತ್ತಿದ್ದಾಳೆ. ಚಿತ್ರದ ಮೇಲ್ಭಾಗದಲ್ಲಿ, ಚಿತ್ರಶಾಲೆಯ ತಗಡಿನ ಮಾಡಿನ ಕೆಳಗಿನ ಕತ್ತಲಲ್ಲಿ, ಬಾವಿಯ ಆಚೆ ದಂಡೆಯ ಮೇಲೆ ಒಂದಷ್ಟು ಗಂಡಸರು. ಅವರಲ್ಲೊಬ್ಬ ರಾಟಿಯ ಹತ್ತಿರ ನಿಂತು ಹಗ್ಗಕ್ಕೆ ಕುಡಗೋಲು ಇಟ್ಟಿದ್ದಾನೆ.

ಮಡೆಪ್ಪ ಬಾಗಿ ಕಾಲು ಮುಟ್ಟಿದ. ಮುಟ್ಟಿದ ಬೆರಳನ್ನು ಅಭ್ಯಾಸದಂತೆ ಕಣ್ಣಿಗೂ ಒತ್ತಿಕೊಂಡ.

"ಕಣ್ಣಿಗಿ ಒತ್ಕೋರಿ ಅಂತ ಯಾರು ಹೇಳಿದ್ರು? ಹ್ಯಾಂಗದ ಹೇಳ್ರಿ."

"ನುಣ್ಣಗ ಅದರಿ."

"ನುಣ್ಣಗ ಇರಬಾರದು. ಅದೇ ತಪ್ಪು."

ಇಲ್ಲಿ ಒಂದು ಮಾತು ಹೇಳಬೇಕು. ಈ ಜಿಲ್ಲೆಯ ಜನಕ್ಕೆ ಗೋಡೆಯ ಮೇಲೆ ಚಿತ್ರ ಕಂಡರೆ ಕೈ ಸುಮ್ಮನಿರುವುದಿಲ್ಲ. ಅದರಲ್ಲೂ ಪಾದ ಕಂಡರೆ ಮುಗಿಯಿತು. ದಸರೆಯ ಹೊತ್ತಿಗೆ 'ಬಾವಿ' ಗೋಡೆಗೆ ಏರಿದ್ದೇ ತಡ, ಬಂದವರೆಲ್ಲ ಬಾಗಿ ಮುದುಕಿಯ ಕಾಲು ಮುಟ್ಟತೊಡಗಿದರು. ವಿಭೂತಿಯ ಕೈ, ಅರಿಷಿಣದ ಕೈ, ಅತ್ತರಿನ ಕೈ, ಗಂಜಿನ ಹಮಾಲರ ಬೆವರಿನ ಕೈ. ಚಿತ್ರ ಬರೆದ ಕುತುಬೋದ್ದೀನ ಮಾಸ್ತರರು ಕನ್ನಡ, ಉರ್ದು, ಮರಾಠಿ ಮೂರರಲ್ಲೂ 'ಮುಟ್ಟಬಾರದು' ಎಂದು ಹಲಗೆ ಬರೆದು ತೂಗುಹಾಕಿದರು. ಮರುದಿನ ಬಂದು ನೋಡಿದರೆ ಯಾರೋ ಪುಣ್ಯಾತ್ಮರು ಹಲಗೆಗೂ ಕುಂಕುಮ ಹಚ್ಚಿ ಹೋಗಿದ್ದರು.

"ಇದು ಗುಡಿ ಅಲ್ರಪೋ, ಚಿತ್ರಶಾಲಿ!" ಎಂದು ಮಾಸ್ತರರು ಚೀರಿಕೊಳ್ಳುವುದು, ಜನ "ಹೌದ್ರಿ ಮಾಸ್ತರ, ಖರೇ ಅದ" ಎನ್ನುತ್ತಲೇ ಮತ್ತೆ ಮುಟ್ಟುವುದು. ಹೀಗೆ ಮುಟ್ಟಿ ಮುಟ್ಟಿ ಮುದುಕಿಯ ಕಾಲು ಕಪ್ಪಾಗಿ, ಜಿಡ್ಡುಗಟ್ಟಿ, ಹೆಬ್ಬೆರಳಿನ ಬಣ್ಣ ಹಾರಿ ಒಳಗಿನ ಬಟ್ಟೆಯ ಎಳೆ ಕಾಣುತ್ತಿತ್ತು.

ಗೋಡೆಯ ಮೇಲಿದ್ದ ಈ ಚಿತ್ರದಲ್ಲಿ ಕಾಲು ತೊಳೆದಿಟ್ಟಷ್ಟು ಶುಭ್ರವಾಗಿತ್ತು. ಮೂಗು ಹತ್ತಿರ ಒಯ್ದರೆ ಅಗಸೆ ಎಣ್ಣೆಯ ಹಸಿ ವಾಸನೆ.

"ಯಾರೋ ಹೊಸದಾಗಿ ಬರೆದು ಬಂಡ್ಯಾಗ ಇಟ್ಟಾರ," ಎಂದಳು ಅನುಸೂಯಾಬಾಯಿ. "ಹಳೇದು ಎಲ್ಲದ?"

ಗುಂಪಿನ ನಗು ಅಡಗಿತು. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಕುತುಬೋದ್ದೀನ ಮಾಸ್ತರರು ತಲೆ ತಗ್ಗಿಸಿ ಕುಂಚ ಒರೆಸುತ್ತಲೇ ಇದ್ದರು.

* * *

ಈ ಚಿತ್ರಶಾಲೆ ಬರೀ ನಾಲ್ಕು ಗೋಡೆ, ಒಂದು ತಗಡಿನ ಮಾಡು ಎಂದು ತಿಳಿದವರು ಬೀದರಿನವರೇ ಅಲ್ಲ. ಮೊದಲು ಇದು ಭಾಲ್ಕಿಯ ಶಿವರಾಜಪ್ಪ ಸಾವಕಾರರ ಹತ್ತಿಯ ಗೋದಾಮು. ಆಮೇಲೆ ನಿಜಾಮನ ಪಕ್ಷದ ರಜಾಕಾರರು ಬೀಗ ಒಡೆದು ಠಾಣೆ ಮಾಡಿಕೊಂಡರು. ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆಯಿತು, ರಜಾಕಾರರು ಹೋದರು, ಅವರ ಕಡೆಯವರೆಂದು ಹಿಡಿದ ಬೇರೆ ಜನರನ್ನು ಇದೇ ಗೋದಾಮಿನಲ್ಲಿ ಕೂಡಿಹಾಕಿದರು. ಕೂಡಿಹಾಕಿದವರಲ್ಲಿ ಒಬ್ಬರು ಶಾಲೆಯ ಡ್ರಾಯಿಂಗ್ ಮಾಸ್ತರ ಕುತುಬೋದ್ದೀನ. ಮಾಡಿದ ತಪ್ಪೇನು ಎಂದು ಅವರಿಗೂ ಗೊತ್ತಿರಲಿಲ್ಲ, ಹಿಡಿದವರಿಗೂ ಗೊತ್ತಿರಲಿಲ್ಲ. ಒಳಗೆ ಕೂತು ಇದ್ದಿಲ ಚೂರಿನಿಂದ ಗೋಡೆಯ ಮೇಲೆ ಬರೆಯತೊಡಗಿದರು. ಬಿಡುಗಡೆಯಾದ ಮೇಲೂ ಬಂದು ಬರೆದರು. ಸಾವಕಾರರು ಬಂದು ನೋಡಿ, ಅತ್ತು, "ಹತ್ತಿ ಎಲ್ಲಿಯಾದ್ರೂ ಇಡ್ತೇನಿ, ಇದು ಇಲ್ಲೇ ಇರಲಿ" ಎಂದು ಕೀಲಿಯನ್ನು ಮಾಸ್ತರರ ಕೈಗೆ ಕೊಟ್ಟರು.

ದೇವರ ಚಿತ್ರ ಇಲ್ಲಿಲ್ಲ. ನವಾಬರ ಚಿತ್ರವೂ ಇಲ್ಲ. ಮೂಡಣ ಗೋಡೆಯಲ್ಲಿ ರಜಾಕಾರರ ಕಾಲದ್ದು: ಸುಟ್ಟ ಬಣವೆ, ಸುಟ್ಟ ಮನೆ, ಗಡಿ ದಾಟುವ ಸಂಸಾರಗಳು. ಪಡುವಣ ಗೋಡೆಯಲ್ಲಿ ಪೊಲೀಸ್ ಆಕ್ಷನ್ ಆದಮೇಲಿನದ್ದು: ಬೀಗ ಬಿದ್ದ ಮೊಹಲ್ಲಾ, ದಿಕ್ಕಿಲ್ಲದ ಹೆಂಗಸರು, ಬಾವಿ. ಆ ಗೋಡೆ ತೆಗೆಯಿರಿ ಎಂದು ಕೆಲವರು, ಈ ಗೋಡೆ ತೆಗೆಯಿರಿ ಎಂದು ಇನ್ನು ಕೆಲವರು. ಮಾಸ್ತರರ ಜವಾಬು ಒಂದೇ: "ಇದ್ರ ಎರಡೂ ಗ್ವಾಡಿ ಇರ್ತಾವ. ಹೋದ್ರ ಎರಡೂ ಹೋಗ್ತಾವ."

ಆ ಮಾತಿಗೇ ಅನುಸೂಯಾಬಾಯಿ ಅವರ ಬೆನ್ನಿಗೆ ನಿಂತವಳು. ರೈತರಿಂದ ವಸೂಲಿ ಮಾಡಿದ ಲೆವಿ ಧಾನ್ಯ ಇಡಲು ಗೋದಾಮು ಬೇಕು ಎಂದು ಸರಕಾರದ ಜನ ಬಂದಾಗ ಬಾಗಿಲಿಗೆ ಅಡ್ಡ ಕೂತು, "ಜ್ವಾಳ ಇಡಲಿಕ್ಕ ನೂರು ಜಾಗ ಅವ. ನಮ್ಮ ನೋವು ಇಡಲಿಕ್ಕ ಇದೊಂದೇ ಜಾಗ" ಎಂದು ಕೂಗಾಡಿ ವಾಪಸು ಕಳಿಸಿದ್ದಳು.

ಔರಾದಿನ ಹೆಣ್ಣುಮಗಳು ಆಕೆ. ಗಂಡ ಪ್ಲೇಗಿಗೆ ಹೋದಾಗ ಆಕೆಯಿನ್ನೂ ಹುಡುಗಿ. ಮೂಲೆಯಲ್ಲಿ ಕೂಡಬೇಕಾಗಿದ್ದವಳನ್ನು ಕೈಹಿಡಿದು ಎಬ್ಬಿಸಿ ಓದಿಸಿದವನು ಅಣ್ಣ ಮನ್ಮಥಪ್ಪ. ರಜಾಕಾರರ ಹಾವಳಿಯಲ್ಲಿ ನಿಜಾಮನ ಸೀಮೆಯ ಗಡಿಯಾಚೆ ಹೋರಾಟದ ಕ್ಯಾಂಪು ಕಟ್ಟಿದಾಗ ತಂಗಿಯನ್ನು ಅದರ ಬಾಗಿಲಲ್ಲಿ ಕೂಡಿಸಿದ್ದ. ಓಡಿಬಂದವರ ಮುಖ ನೋಡಿ, ಇವನು ನಿಜವಾಗಿ ಮನೆ ಕಳೆದುಕೊಂಡವನು, ಇವನು ರಜಾಕಾರರಿಗೆ ಖಬರು ಒಯ್ಯಲು ಬಂದವನು ಎಂದು ಹೇಳುವ ಕೆಲಸ. ಆಕೆ ತಪ್ಪು ಹೇಳಿದ್ದು ಯಾರಿಗೂ ನೆನಪಿಲ್ಲ. ಆಗ ಬಿದ್ದ ಹೆಸರು 'ಕ್ಯಾಂಪಿನ ಕಣ್ಣು'. ಈಗ ಅಣ್ಣ ಎಲೆಕ್ಷನ್ನಿಗೆ ನಿಲ್ಲುವ ದೊಡ್ಡ ಮನುಷ್ಯ. ತಂಗಿ ಬೀದರಿನಲ್ಲಿ ಊರವರ ಕಳವು, ಮೋಸ, ಕಾಣೆಯಾದವರ ಪತ್ತೆ ಎಂದು ತಿರುಗುತ್ತಾಳೆ.

ಆದರೆ ಈ ಪತ್ತೆ ಊರವರದ್ದಲ್ಲ, ಆಕೆಯದ್ದೇ. ಚಿತ್ರದಲ್ಲಿ ಹಗ್ಗ ಜಗ್ಗುವ ಮುದುಕಿ ಬಿಸ್ಮಿಲ್ಲಾಬೀ. ಸಂತಪುರದ ಆಚೆಯ ಹಳ್ಳಿಯ ಬಳೆಗಾರ್ತಿ. ಚಿಕ್ಕಂದಿನಲ್ಲಿ ಅನುಸೂಯಾಳ ಕೈಗೆ ಬಳೆ ಇಟ್ಟವಳು. ಗಂಡ ಸತ್ತು ಆ ಬಳೆ ಒಡೆದಮೇಲೂ ಪ್ರತಿ ವರ್ಷ ಬಂದು, ಬಳೆಯ ಮಲಾರ ಹೊರಗೇ ಇಟ್ಟು, ಪಕ್ಕದಲ್ಲಿ ಕೂತು ಚಹಾ ಕುಡಿದು ಹೋದವಳು. ಅಂಥವಳ ಸೊಸೆ ಶಮೀಮ, ಪೊಲೀಸ್ ಆಕ್ಷನ್ನಿನ ಆ ದಿನಗಳಲ್ಲಿ, ಕೇರಿಯ ಇತರ ಹೆಂಗಸರೊಂದಿಗೆ, ಬೆನ್ನಟ್ಟಿದ ಗುಂಪಿಗೆ ಹೆದರಿ ಬಾವಿಗೆ ಹಾರಿದಳು. ಮುದುಕಿ ಬಾವಿಯೊಳಗೆ ಹಗ್ಗ ಇಳಿಬಿಟ್ಟಳು. ಶಮೀಮ ಹಗ್ಗ ಹಿಡಿದು ಅರ್ಧ ಮೇಲೆ ಬಂದಿದ್ದಳು. ಒಬ್ಬ ಅದನ್ನು ಕೊಯ್ದ.

"ಹೆಸರು ಹೇಳೂದಿಲ್ಲ ಬೇಟಿ," ಎಂದಿದ್ದಳು ಬಿಸ್ಮಿಲ್ಲಾಬೀ. "ಮುಖ ಹೇಳ್ತೇನಿ. ಮಾಸ್ತರ ಬರೀಲಿ." ದಿನಗಟ್ಟಲೆ ಮಾಸ್ತರರ ಮುಂದೆ ಕೂತು ಕಣ್ಣು, ಗಡ್ಡ, ಹಣೆ ಎಂದು ಹೇಳಿ ಹೇಳಿ ಬರೆಸಿದಳು. ಹೋದ ಬೇಸಿಗೆಯಲ್ಲಿ ಸತ್ತಳು. ಸಾಯುವ ಮುಂಚೆ ಅವಳ ಕೈಮೇಲೆ ಕೈಯಿಟ್ಟು ಅನುಸೂಯಾಬಾಯಿ ಭಾಷೆ ಕೊಟ್ಟಿದ್ದಳು: "ಆ ಮುಖ ಇಡೀ ಜಿಲ್ಲಾಕ್ಕ ತೋರಸ್ತೇನಿ."

ಅರ್ಜಿ ಮೇಲೆ ಅರ್ಜಿ ಹಾಕಿ ಹೈದರಾಬಾದಿನಿಂದ ವಿಚಾರಣೆಯ ಅಧಿಕಾರಿಯನ್ನು ಕರೆಸಿದವಳೂ ಆಕೆಯೇ. ಅವರು ಬರುವುದು ನಾಳೆ. ಸತ್ತ ಮುದುಕಿಯ ಸಾಕ್ಷಿ ಆ ಒಂದು ಚಿತ್ರ. ಅದೇ ಈಗ ಇಲ್ಲ.

* * *

ಸ್ಟೂಲು ತರಿಸಿ, ಲಾಟೀನು ಹಿಡಿದು, ಅನುಸೂಯಾಬಾಯಿ ಚಿತ್ರದ ಮೇಲ್ಭಾಗವನ್ನು ನೋಡಿದಳು. ದಂಡೆಯ ಮೇಲಿನ ಒಬ್ಬೊಬ್ಬನದೂ ಮುಖ ಅಂದರೆ ಮುಖ. ಒಬ್ಬನಿಗೆ ಮೂಗಿನ ಮೇಲೆ ನರಹುಲಿ, ಒಬ್ಬನಿಗೆ ಮುಂದಿನ ಹಲ್ಲಿಲ್ಲ, ಒಬ್ಬ ಹೆದರಿ ಅರ್ಧ ತಿರುಗಿದ್ದಾನೆ. ಕುಡಗೋಲಿನವನದು ಮಾತ್ರ ಯಾವ ಊರಿನವನದೂ ಅಲ್ಲ. ಎರಡು ಕಣ್ಣು, ಒಂದು ಮೂಗು, ಅಚ್ಚುಕಟ್ಟಾದ ಮೀಸೆ. ಕ್ಯಾಲೆಂಡರಿನಿಂದ ಎತ್ತಿ ತಂದು ಅಂಟಿಸಿದಂತಿದ್ದ.

"ಬದಲಾಗಿದ್ದು ಇದು," ಎಂದು ಗೊಣಗಿ ಕೆಳಗಿಳಿದಳು. "ಹಳೇ ಚಿತ್ರದಾಗ ಈ ರಾಟಿ ಹತ್ರ ನಿಂತವನ ಮುಖ ಹ್ಯಾಂಗಿತ್ತು? ಹೇಳ್ರಿ ಯಾರಾದ್ರೂ."

ಜನ ಒಬ್ಬರ ಮುಖ ಒಬ್ಬರು ನೋಡಿದರು.

"ಮೀಸಿ ಇತ್ತರಿ," ಎಂದ ಒಬ್ಬ.

"ಮೀಸಿ ಎಲ್ಲಿಂದು? ಗಡ್ಡ ಇತ್ತು," ಎಂದ ಇನ್ನೊಬ್ಬ.

"ಅಂವ ಬೆನ್ನು ತಿರುಗಿಸಿ ನಿಂತಿದ್ದಲ್ಲೇನ್ರಿ?" ಎಂದ ಮತ್ತೊಬ್ಬ.

ಬಾಗಿಲ ಹೊರಗೆ ಚಹಾ ಮಾರುವ ಅಕ್ತರಬೀ ದಿನಾ ಬಂದು ಪಾದ ಮುಟ್ಟುತ್ತಿದ್ದವಳು. ಅವಳನ್ನು ಕೇಳಿದರೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾ ಕಾಲು ನೋಡಿ ಅಳ್ತಿದ್ದೆ ಬಾಯಿ. ಕಣ್ಣಾಗ ನೀರು ಬಂದ ಮ್ಯಾಲ ಮ್ಯಾಲಿಂದು ಏನು ಕಾಣಸ್ತದ?"

"ಭಲೆ!" ಎಂದು ಅನುಸೂಯಾಬಾಯಿ ಸಿಡಿದಳು. "ಎಲ್ಲಾರೂ ಕಾಲು ಹಿಡಿದ್ರಿ, ಒಬ್ಬರೂ ತಲಿ ಎತ್ತಲಿಲ್ಲ. ಆ ಮುದುಕಿ ತನ್ನ ಕಾಲು ತೋರಸಲಿಕ್ಕ ಈ ಚಿತ್ರ ಬರೆಸಿದ್ಲೇನು? ಅವನ ಮುಖ ತೋರಸಲಿಕ್ಕ!"

ಬೈದಳು ನಿಜ. ಬೈಯುತ್ತಲೇ ತನ್ನದೂ ನೆನಪಾಯಿತು. ಚಿತ್ರ ತೆರೆದ ದಿನ ಆ ನೂಕುನುಗ್ಗಲಲ್ಲಿ ಬಂದು ಆಕೆ ಮಾಡಿದ್ದೇನು? ಬಾಗಿ, ಆ ಒಡೆದ ಹಿಮ್ಮಡಿ ಮುಟ್ಟಿ, ಗಳಗಳ ಅತ್ತು, ಸೆರಗು ಮುಚ್ಚಿಕೊಂಡು ಹೊರಗೆ ಹೋದದ್ದು. ಆಮೇಲೆ ಅರ್ಜಿ, ಕಚೇರಿ, ತಿರುಗಾಟ. ನಾಳೆ ನೋಡಿದರಾಯಿತು, ಗೋಡೆಯ ಮೇಲೇ ಇರುತ್ತದಲ್ಲ ಎಂದು ಬಿಟ್ಟಿದ್ದಳು. ಕ್ಯಾಂಪಿನ ಕಣ್ಣಂತೆ! ಮಣ್ಣು!

ಅಷ್ಟರಲ್ಲಿ ಶಿವರಾಜಪ್ಪ ಸಾವಕಾರರು ಭಾಲ್ಕಿಯಿಂದ ಬಂದಿಳಿದರು. ಹಣೆತುಂಬ ವಿಭೂತಿ, ಕೈಯಲ್ಲಿ ಬೆತ್ತ. ಗೋದಾಮು ಸರಕಾರಕ್ಕೆ ಹೋದರೆ ಅವರಿಗೆ ಲಾಭ ಎಂದು ಗಂಜಿನಲ್ಲಿ ಗುಸುಗುಸು ಇತ್ತು. ಸಂತಪುರದ ಕಡೆ ಅವರ ಹೊಲಗಳೂ ಇದ್ದವು. ಅನುಸೂಯಾಬಾಯಿಗೆ ಸುತ್ತುಬಳಸಿ ಮಾತಾಡುವ ರೂಢಿಯೇ ಇಲ್ಲ.

"ಸಾವಕಾರ್ರ, ಎಲ್ಲಾರ ಮುಂದ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಹಳೇ ಚಿತ್ರದಾಗ ಕುಡಗೋಲು ಹಿಡಿದ ಮುಖ ನಿಮ್ಮದೇನು?"

ಸಾವಕಾರರು ಬೆತ್ತವನ್ನು ನೆಲಕ್ಕೆ ಕುಕ್ಕಿದರು.

"ಸಿಟ್ಟು ಬಂದದ ತಂಗಿ, ಬರಲಿಲ್ಲ ಅಂತ ಸುಳ್ಳು ಯಾಕ ಹೇಳಲಿ? ಆದ್ರ ಕೇಳು. ಹಳೇ ಚಿತ್ರ ಹುಡುಕಿ ತಾ. ಅದರಾಗ ನನ್ನ ಮುಖ ಇದ್ರ, ನಾಳಿ ಆ ಸಾಹೇಬ ಬರೂದರೊಳಗ ಅದನ್ನ ಗ್ವಾಡಿಗಿ ಹಾಕಲಿಕ್ಕ ಮೊದಲಿನ ಮೊಳಿ ನಾನೇ ಹೊಡೀತೇನಿ. ಇಲ್ಲದಿದ್ರ, ಯಾರದೇ ಇರಲಿ, ನೀ ಹೊಡಿ. ಒಪ್ಪಿಗಿ ಅದ ಏನು?"

"ಅದರಿ."

"ಹಂಗಾದ್ರ ಹಿಡಿ." ಸಾವಕಾರರು ಕಿಸೆಯಿಂದ ಗೋದಾಮಿನ ಇನ್ನೊಂದು ಕೀಲಿ ತೆಗೆದು ಆಕೆಯ ಅಂಗೈಗೆ ಬಡಿದರು. "ಇದು ಸರಕಾರಕ್ಕ ಹೋಗೂದಿಲ್ಲ, ಯಾರ ಅಪ್ಪಗೂ ಹೋಗೂದಿಲ್ಲ. ನಿನ್ನ ಹತ್ರ ಇರಲಿ."

ಆಕೆ ಅವರ ಮುಖವನ್ನು ಕ್ಯಾಂಪಿನ ಬಾಗಿಲಲ್ಲಿ ನೋಡಿದ ಹಾಗೆ ನೋಡಿದಳು. ಸುಳ್ಳಿಲ್ಲ. ಸಾವಕಾರರಲ್ಲ.

ಮತ್ತೆ ಯಾರು?

ಮೂಲೆಯಲ್ಲಿ ಕುಂಚ ಒರೆಸುವ ಸದ್ದು ನಿಂತಿರಲಿಲ್ಲ. ಒಣಗಿದ ಕುಂಚವನ್ನು ಈ ಮನುಷ್ಯ ಇಷ್ಟು ಹೊತ್ತು ಯಾಕೆ ಒರೆಸುತ್ತಿದ್ದಾನೆ?

* * *

ಎಲ್ಲರನ್ನೂ ಹೊರಗೆ ಕಳಿಸಿ, ಅನುಸೂಯಾಬಾಯಿ ಬಾಗಿಲು ಹಾಕಿ ಚಿಲಕ ಜಡಿದಳು. ಸ್ಟೂಲು ಎಳೆದುಕೊಂಡು ಮಾಸ್ತರರ ಎದುರಿಗೆ ಕೂತಳು.

"ಮಾಸ್ತರ, ನಿಮ್ಮ ಹೊಟ್ಟಿ ಈಗ ಹ್ಯಾಂಗದ?"

ಕುತುಬೋದ್ದೀನ ಬೆಚ್ಚಿದರು. "ಹೊಟ್ಟಿ?"

"ಚಿತ್ರ ಹೋಗೂದಕಿಂತ ಮೊದಲು ನಮ್ಮ ಮನಿಗಿ ಉಣಲಿಕ್ಕ ಬಂದಿದ್ರಿ. ಅರ್ಧ ಹೋಳಿಗಿ ತಾಟಿನಾಗ ಬಿಟ್ಟು ಹೊಟ್ಟಿ ನೋವು ಅಂತ ಎದ್ದು ಹೋದ್ರಿ. ನನ್ನ ಹೋಳಿಗಿ ಬಿಟ್ಟು ಎದ್ದವರು ಈ ಊರಾಗ ನೀವೊಬ್ರೇ. ನಾ ಇನ್ನೂ ಮರೆತಿಲ್ಲ."

ಮಾಸ್ತರರು ನಗಲು ನೋಡಿದರು. ಆಗಲಿಲ್ಲ.

"ಈಗ ಇದು ಕೇಳ್ರಿ. ಒಬ್ಬ ಕಳ್ಳ ಚಿತ್ರ ಕದ್ದ. ಎದುರಿಗಿ ಇಟ್ಕೊಂಡು ನಕಲು ಬರೆದ. ಎದುರಿಗಿ ಇದ್ದದ್ದು ಹ್ಯಾಂಗಿತ್ತು? ಕಾಲು ಕರ್ರಗ, ಕುಂಕುಮ, ವಿಭೂತಿ, ಹಾರಿದ ಬಣ್ಣ. ಅದನ್ನ ಕಂಡು ಬರೆಯಾಂವ ಅದನ್ನೂ ಬರೀಬೇಕಲ್ಲ? ಯಾಕ ಬರೀಲಿಲ್ಲ?"

ಮಾಸ್ತರರು ಮತ್ತೆ ಕುಂಚ ಒರೆಸತೊಡಗಿದರು.

"ಯಾಕಂದ್ರ ಅಂವ ಚಿತ್ರ ನೋಡಿ ಬರೀಲಿಲ್ಲ. ನೆನಪಿನಿಂದ ಬರೆದ. ಮೊದಲನೇ ದಿನ ಹ್ಯಾಂಗಿತ್ತೋ ಹಂಗ, ಒಂದು ಕೈನೂ ಮುಟ್ಟದ ಹಂಗ. ಆ ಕಾಲು ಹಂಗ ಯಾರ ತಲ್ಯಾಗ ಅದ ಮಾಸ್ತರ? ಮುಟ್ಟಬ್ಯಾಡ್ರಿ ಅಂತ ದಿನಾ ಚೀರ್ಕೊಂಡವನ ತಲ್ಯಾಗ."

ಮಾಸ್ತರರು ಕುಂಚ ಕೆಳಗಿಟ್ಟರು.

"ನೀವೇ ಕದ್ರಿ. ನೀವೇ ಬರೆದ್ರಿ. ಬಂಡ್ಯಾಗ ನೀವೇ ಇಟ್ರಿ."

"ಹೌದು," ಎಂದರು ಕುತುಬೋದ್ದೀನ. "ನಾನೇ."

ಅನುಸೂಯಾಬಾಯಿಗೆ ಅದು ಗೊತ್ತಿದ್ದ ಉತ್ತರವೇ. ಆದರೂ ಮೈಯೆಲ್ಲ ಉರಿದುಹೋಯಿತು.

"ಯಾಕ? ಯಾರಿಗಿ ಹೆದರಿದ್ರಿ? ಇದ್ರ ಎರಡೂ ಗ್ವಾಡಿ ಇರ್ತಾವ ಅಂತ ಊರೆಲ್ಲ ಹೇಳ್ತಾ ಬಂದವರು ನೀವು! ಕಲ್ಲು ಬಿದ್ದಾಗ ಹೆದರಲಿಲ್ಲ, ನೋಟೀಸು ಬಂದಾಗ ಹೆದರಲಿಲ್ಲ. ಈಗ ಯಾವನೋ ಒಬ್ಬ ದೊಡ್ಡ ಮನುಷ್ಯಾನ ಮುಖ ಮುಚ್ಚಲಿಕ್ಕ ಶಮೀಮನ್ನ ಎರಡನೇ ಸಲ ಬಾವ್ಯಾಗ ನೂಕಿದ್ರಲ್ಲ!"

"ಹಂಗ ಅನಬ್ಯಾಡ್ರಿ ಬಾಯಿ!"

"ಅಂತೇನಿ! ಇನ್ನೂ ಜೋರಾಗಿ ಅಂತೇನಿ!"

"ಹಳೇದು ಸುಟ್ಟಿಲ್ಲ," ಎಂದು ಮಾಸ್ತರರು ಎರಡೂ ಕೈ ಜೋಡಿಸಿದರು. "ಮುಖದ ಮ್ಯಾಲ ಬಣ್ಣ ಬಳೀಬೇಕಂತ ಕುಂಚ ಎತ್ತಿದ್ದೆ. ಆ ಮುದುಕಿ ಎದುರಿಗಿ ಕುಂತು ಹೇಳಿ ಬರೆಸಿದ ಮುಖ. ಕೈ ಬರಲಿಲ್ಲ. ಅದಕ್ಕ ಇನ್ನೊಂದು ಬರೆದು, ಕಳದದ್ದು ಸಿಕ್ತು ಅಂತ ಮಂದಿ ತಿಳೀಲಿ ಅಂತ ಬಂಡ್ಯಾಗ ಇಟ್ಟೆ. ಖುದಾ ಕಸಮ್, ರೊಕ್ಕಕ್ಕ ಅಲ್ಲ, ಹೆದರಿಕಿಗೂ ಅಲ್ಲ. ಒಬ್ಬರ ಮನಿ ಉಳೀಲಿ ಅಂತ. ಕೈ ಮುಗೀತೇನಿ, ಯಾರ ಮುಖ ಅಂತ ಮಾತ್ರ ಕೇಳಬ್ಯಾಡ್ರಿ. ಬರೆಯೂವಾಗ ನನಗೂ ಗೊತ್ತಿರಲಿಲ್ಲ."

"ಯಾರ ಮನಿ? ಅವನ ಮನಿ ಉಳೀಬೇಕು, ಶಮೀಮನ ಮನಿ? ಅದು ಉಳೀತೇನು?" ಅನುಸೂಯಾಬಾಯಿ ಎದ್ದುನಿಂತಳು. "ಕೇಳ್ರಿ ಮಾಸ್ತರ. ಅಂವ ಯಾವನೇ ಇರಲಿ. ಸಾವಕಾರ ಇರಲಿ, ಸಾಹೇಬ ಇರಲಿ, ಸತ್ತ ನನ್ನ ಅಪ್ಪ ಎದ್ದು ಬಂದು ಅಲ್ಲಿ ನಿಂತಿರಲಿ. ಆ ಮುಖ ಈ ಗ್ವಾಡಿ ಮ್ಯಾಲ ಇರ್ತದ. ಇಲ್ಲಂದ್ರ ಎರಡೂ ಗ್ವಾಡಿ ನಾನೇ ಬಳದು ಸುಣ್ಣ ಹಚ್ಚಿ, ಕೀಲಿ ಒಯ್ದು ಲೆವಿ ಜ್ವಾಳದವರಿಗಿ ಕೊಡ್ತೇನಿ. ಸುಳ್ಳು ಇಡಲಿಕ್ಕ ಗೋದಾಮು ಯಾಕ ಬೇಕು?"

ಮಾಸ್ತರರು ಆಕೆಯನ್ನೇ ನೋಡಿದರು. ಆ ನೋಟದಲ್ಲಿ ಹೆದರಿಕೆ ಇರಲಿಲ್ಲ, ಕರುಣೆ ಇತ್ತು. ಅದು ಆಕೆಗೆ ಅರ್ಥವಾಗಲಿಲ್ಲ, ಇನ್ನಷ್ಟು ಸಿಟ್ಟು ಬಂತು.

ಕೊನೆಗೆ ಅವರ ಕೈ ಎದ್ದು ಮೂಡಣ ಗೋಡೆಯನ್ನು ತೋರಿಸಿತು. ಸುಟ್ಟ ಬಣವೆಯ ದೊಡ್ಡ ಚಿತ್ರ. "ಅದರ ಹಿಂದ ಅದ."

* * *

ಬಣವೆಯ ಚಿತ್ರ ಇಳಿಸಿದಾಗ ಅದರ ಹಿಂದೆ ಇನ್ನೊಂದು ಚೌಕಟ್ಟು ಗೋಡೆಗೆ ಮುಖ ಮಾಡಿ ನಿಂತಿತ್ತು. ಅನುಸೂಯಾಬಾಯಿ ಎರಡೂ ಕೈಯಿಂದ ಹಿಡಿದು ತಿರುಗಿಸಿದಳು.

ಕಣ್ಣು ಹೋದದ್ದು ಕಾಲಿಗೇ. ಕಪ್ಪು ಜಿಡ್ಡು, ಕುಂಕುಮದ ಕಲೆ, ಬಣ್ಣ ಹಾರಿದ ಹೆಬ್ಬೆರಳು. ಇದೇ. ಕೈ ತಾನಾಗಿ ಮುಂದೆ ಹೋಯಿತು. ಆಕೆ ಅದನ್ನು ಹಿಂದಕ್ಕೆ ಎಳೆದುಕೊಂಡು, ಹಟದಿಂದ ತಲೆ ಎತ್ತಿದಳು.

ರಾಟಿ. ಹಗ್ಗ. ಕುಡಗೋಲು. ಅದನ್ನು ಹಿಡಿದ ಕೈ.

ಕರಿ ಗಡ್ಡ. ಎಡ ಹುಬ್ಬು ನಡುವೆ ಸೀಳಿ, ಸೀಳಿದಲ್ಲಿ ಕೂದಲಿಲ್ಲ.

ಆ ಹುಬ್ಬು ಸೀಳಿದ್ದು ಹೇಗೆಂದು ಆಕೆಗೆ ಗೊತ್ತಿತ್ತು. ಪಂಚಮಿಯ ಜೋಕಾಲಿಯ ಮಿಣಿ ಹರಿದು ಪುಟ್ಟ ಅನುಸೂಯಾ ಬೀಳುವಾಗ, ಓಡಿಬಂದು ಹಿಡಿಯಲು ಹೋಗಿ ಹಲಗೆಯ ಅಂಚಿಗೆ ಬಡಿಸಿಕೊಂಡದ್ದು. ಅರಿಷಿಣ ಮೆತ್ತಿ ಬಟ್ಟೆ ಕಟ್ಟಿದವಳು ಆಕೆಯೇ.

ಮನ್ಮಥಪ್ಪ. ಅಣ್ಣ.

"ನಿಮ್ಮ ಪಡಸಾಲ್ಯಾಗ ಕ್ಯಾಂಪಿನ ಫೋಟೋ ಅದಲ್ಲ ಬಾಯಿ," ಮಾಸ್ತರರ ಮಾತು ಎಲ್ಲೋ ದೂರದಿಂದ ಬಂದ ಹಾಗಿತ್ತು. "ಗಡ್ಡ ಬಿಟ್ಟಿದ್ದ ಕಾಲದ್ದು. ಹೋಳಿಗಿ ತಿನ್ನೂವಾಗ ಎದುರಿಗೇ ಕಾಣ್ತು. ಆಮ್ಯಾಲ ಒಂದು ತುತ್ತೂ ಇಳೀಲಿಲ್ಲ."

ಹೆಸರು ಹೇಳೂದಿಲ್ಲ ಬೇಟಿ. ಮುದುಕಿ ಹೆದರಿ ಹಾಗೆ ಹೇಳಿದಳು ಎಂದು ಅಂದುಕೊಂಡಿದ್ದಳು ಅನುಸೂಯಾಬಾಯಿ. ಹೆದರಿಕೆ ಅಲ್ಲ ಅದು. ಬರಿಗೈಯ ಹುಡುಗಿಯ ಪಕ್ಕ ಕೂತು ಚಹಾ ಕುಡಿದವಳ ಮಮತೆ. ಆ ಹೆಸರನ್ನು ಈ ಕಿವಿಗೆ ಹಾಕಲು ಅವಳಿಗೆ ಬಾಯಿ ಬರಲಿಲ್ಲ.

ಆಕೆ ಅಲ್ಲೇ ನೆಲದ ಮೇಲೆ ಕೂತಳು. ಮೂಲೆಯಿಂದ ಎಬ್ಬಿಸಿದ ಕೈ ಅದು. ಪಾಟಿ, ಬಳಪ ಕೊಡಿಸಿದ ಕೈ. 'ಮುಖ ನೋಡಿ ಹೇಳು ತಂಗಿ, ನಿನ್ನ ಮಾತು ನನಗ ಸಾಕು' ಎಂದು ಕ್ಯಾಂಪಿನ ಬಾಗಿಲಲ್ಲಿ ಕೂಡಿಸಿದ ಕೈ. ಅಯ್ಯೋ ಅಣ್ಣಾ, ಯಾಕೆ ಮಾಡಿದೆ? ಎಲ್ಲರ ಮುಖ ನೋಡಿಸಿದೆ, ನಿನ್ನದನ್ನು ಮಾತ್ರ ನಾನು ನೋಡಲೇ ಇಲ್ಲವಲ್ಲ.

"ತಿರುಗಿಸಿ ಇಡ್ತೇನಿ," ಎಂದು ಮಾಸ್ತರರು ಮೆಲ್ಲಗೆ ಚೌಕಟ್ಟಿಗೆ ಕೈ ಹಾಕಿದರು. "ನಾವಿಬ್ರೇ ನೋಡೇವಿ. ನಕಲಿ ಗ್ವಾಡಿ ಮ್ಯಾಲ ಇರಲಿ. ನಾಳಿ ಸಾಹೇಬ ಬರ್ತಾನ, ನೋಡ್ತಾನ, ಹೋಗ್ತಾನ. ಚಿತ್ರಶಾಲಿ ಉಳೀತದ."

ಆಗಲೇ ಹೊರಗೆ ಮೋಟಾರಿನ ಸದ್ದು. ಜೈಕಾರ. ಬಾಗಿಲು ದಬದಬ ಬಡಿಯಿತು.

"ಬಾಯಾರ! ಚಿಲಕ ತೆಗೀರಿ!" ಮಡೆಪ್ಪನ ದನಿಗೆ ಹೋದ ಜೀವ ಬಂದಿತ್ತು. "ಔರಾದಿನಿಂದ ನಿಮ್ಮ ಅಣ್ಣಾರು ಬಂದಾರ್ರಿ! ಚಿತ್ರ ಸಿಕ್ಕದ ಅಂತ ಕೇಳಿ ಮಂದಿ ಕರ್ಕೊಂಡು ನೋಡಲಿಕ್ಕ ಬಂದಾರ್ರಿ!"

ಮಾಸ್ತರರು ಅನುಸೂಯಾಬಾಯಿಯ ಕಡೆ ನೋಡಿದರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎದ್ದಳು.

"ನಕಲಿ ಇಳಸ್ರಿ ಮಾಸ್ತರ."

"ಬಾಯಿ..."

"ಇಳಸ್ರಿ ಅಂದೆ. ಸಾವಕಾರ್ರಿಗಿ ಮಾತು ಕೊಟ್ಟೇನಿ. ಅದಕಿಂತ ಮೊದಲು ಆಕಿಗಿ ಕೊಟ್ಟೇನಿ." ಆಕೆ ಕೈ ಚಾಚಿದಳು. "ಸುತ್ತಿಗಿ ಎಲ್ಲದ? ಮೊಳಿ ಕೊಡ್ರಿ."

ಮೊಳೆ ಹೊಡೆದವಳು ಆಕೆಯೇ. ತಾಸುಗಟ್ಟಲೆ ಅತ್ತಿದ್ದರೂ ಸಾಲದಂಥ ದುಃಖ ಒಂದೊಂದು ಏಟಿಗೂ ಎದೆಗೆ ಬಂದು ಬಡಿಯುತ್ತಿತ್ತು. ಹಳೆಯ ಚಿತ್ರ ತನ್ನ ಜಾಗಕ್ಕೆ ಏರಿತು. ಆಕೆ ಗಳುವಿನಿಂದ ಮಾಡಿನ ಬೆಳಕಿಂಡಿಯ ಹಲಗೆ ನೂಕಿದಳು. ಬಿಸಿಲು ನೇರವಾಗಿ ಬಾವಿಯ ಆಚೆ ದಂಡೆಗೆ ಬಿತ್ತು. ಇಷ್ಟು ದಿನ ಕತ್ತಲಲ್ಲಿದ್ದ ಮುಖಗಳು ಒಮ್ಮೆಲೇ ಎದ್ದುನಿಂತವು.

ಚಿಲಕ ತೆಗೆದಳು.

ಬಿಳಿ ಧೋತರ, ಬಿಳಿ ಟೊಪ್ಪಿಗೆ, ಕೊರಳಲ್ಲಿ ಚೆಂಡುಹೂವಿನ ಹಾರ. ನುಣ್ಣಗೆ ಬೋಳಿಸಿದ ಮುಖದಲ್ಲಿ ಆ ಸೀಳು ಹುಬ್ಬು. ಮನ್ಮಥಪ್ಪ ತಂಗಿಯ ತಲೆಯ ಮೇಲೆ ಕೈಯಿಟ್ಟ.

"ಚಿತ್ರ ಹುಡುಕಿದೆ ಅಂತ, ಶಹಬ್ಬಾಸ್ ತಂಗಿ. ಯಾವುದವ್ವಾ ಅದು, ಎಲ್ಲಾರೂ ಪಾದ ಮುಟ್ತಾರಂತಲ್ಲ?"

ಆಕೆ ಬೆರಳು ತೋರಿಸಿದಳು.

ಹಿಂದೆ ಔರಾದಿನ ಜನ, ಗಂಜಿನ ಜನ, ಅಕ್ತರಬೀ, ಬೆತ್ತ ಊರಿದ ಶಿವರಾಜಪ್ಪ ಸಾವಕಾರರು. ಮನ್ಮಥಪ್ಪ ಚಪ್ಪಲಿ ಬಿಟ್ಟ. ಜನ ನೋಡುತ್ತಿದ್ದಾರೆಂಬ ಎಚ್ಚರದಿಂದ ಕೊರಳಿನ ಹಾರ ತೆಗೆದ. ಎಲ್ಲರ ಹಾಗೆ ಅವನ ಕಣ್ಣೂ ನೇರ ಕೆಳಕ್ಕೆ ಹೋಯಿತು. ಹಾರವನ್ನು ಚೌಕಟ್ಟಿನ ಬುಡಕ್ಕೆ ಇಟ್ಟು, ಬಾಗಿ, ಬಿಸ್ಮಿಲ್ಲಾಬೀಯ ಒಡೆದ ಹಿಮ್ಮಡಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

ಅವನು ಬಾಗಿಯೇ ಇದ್ದ. ಹಿಂದಿನ ಗುಂಪಿನಲ್ಲಿ ಜೈಕಾರ ಅರ್ಧಕ್ಕೆ ನಿಂತಿತು. ಮೇಲಿನ ಬಿಸಿಲಿಗೆ ಒಬ್ಬೊಬ್ಬರಾಗಿ ತಲೆ ಎತ್ತುತ್ತಿದ್ದರು. ಅಕ್ತರಬೀ ಬಾಯಿಗೆ ಸೆರಗು ಒತ್ತಿ ಹಿಡಿದಳು. ಸಾವಕಾರರ ಬೆತ್ತ ನೆಲಕ್ಕೆ ಬಿತ್ತು.

ಅನುಸೂಯಾಬಾಯಿ ಸುತ್ತಿಗೆಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದಳು.

"ಅಣ್ಣಾ," ಎಂದಳು. "ತಲಿ ಎತ್ತು."